ನಾಲಿಗೆಯ ಸಾಕ್ಷಿ, ಇರುವೆಯ ಸಾಕ್ಷಿ

ಒಂದು ಕಾಡಿನಲ್ಲಿ ಜಾಂಬವ್ವ ಎಂಬ ಕರಡಿ ಇದ್ದಳು. ಸಿಹಿ ಎಂದರೆ ಅವಳಿಗೆ ಪ್ರಾಣ. ಬೇಸಿಗೆ ಹಿಡಿಯುವಾಗ ಹಿಪ್ಪೆ ಹೂವು, ಆಮೇಲೆ ಹಲಸಿನ ಹಣ್ಣು, ವರ್ಷವಿಡೀ ಜೇನು. ಹಲಸು ಸಿಕ್ಕರೆ ನಾಲ್ಕು ತೊಳೆ ತಿಂದು ಸಾಕು ಎನ್ನುವ ಪೈಕಿಯಲ್ಲ. ಹಣ್ಣು ಮುಗಿಯಬೇಕು, ಇಲ್ಲವೇ ಹೊಟ್ಟೆ ಬಿರಿಯಬೇಕು. ಅಂಥವರು ಎಲ್ಲರ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಯಾರೆಂದು ಈಗ ಬೆರಳು ತೋರಿಸಬೇಡಿ, ಕಥೆ ಕೇಳಿ.

ಜಾಂಬವ್ವನಿಗೆ ಎರಡು ಮರಿಗಳಿದ್ದವು. ಕರಡಿ ತನ್ನ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹಳ್ಳದ ದಂಡೆಯ ಪೊದೆ ಅವರ ಬೇಸಿಗೆಯ ಮನೆ. ಗುಡ್ಡದ ತುದಿಯ ಗವಿ ಅವರ ಮಳೆಗಾಲದ ಮನೆ. ನಡುವೆ ಕಡಿದಾದ ಬಂಡೆ. ಅದನ್ನು ಹತ್ತುವುದು ಮರಿಗಳ ಕೈಲಿ ಆಗುವ ಕೆಲಸವಲ್ಲ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ" ಎಂದು ರೈತರು ಆರಿದ್ರಾ ಮಳೆಗೆ ಕಾಯುತ್ತಾರೆ. ಆದರೆ ಆ ಮಳೆಗೆ ಹಳ್ಳ ಉಕ್ಕಿ ಜಾಂಬವ್ವನ ಪೊದೆ ಮುಳುಗುತ್ತಿತ್ತು. ಅದು ಬರುವ ಮೊದಲೇ ಮರಿಗಳನ್ನು ಹೊತ್ತು ಅವಳು ಗುಡ್ಡ ಹತ್ತಬೇಕಿತ್ತು.

ಆ ವರ್ಷ ಅವಳಿಗೆ ಏನೋ ಆಯಿತು. ಕುಳಿತಲ್ಲೇ ಸುಸ್ತು. ಎಷ್ಟು ತಿಂದರೂ ಮೈ ಇಳಿಯಿತು. ಎಷ್ಟು ನೀರು ಕುಡಿದರೂ ದಾಹ ಹಿಂಗಲಿಲ್ಲ. ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುತ್ತಲೂ ಇರಲಿಲ್ಲ, ಗಳಿಗೆಗೊಮ್ಮೆ ಪೊದೆಯ ಹಿಂದೆ ಓಡುತ್ತಿದ್ದಳು.

ಒಂದು ಬೆಳಿಗ್ಗೆ ಕಟ್ಟಿರುವೆಗಳ ಹಿರಿಯಳು ಅವಳ ಮುಂದೆ ಬಂದು ನಿಂತಳು. ಅವಳ ಹೆಸರು ಸಾಲಕ್ಕ. ಹುಟ್ಟಿದಾಗಿನಿಂದ ಸಾಲು ಬಿಟ್ಟು ನಡೆದವಳಲ್ಲ, ಅದಕ್ಕೇ ಆ ಹೆಸರು.

"ಜಾಂಬವ್ವ, ತಪ್ಪು ತಿಳ್ಕೋಬೇಡ," ಎಂದಳು ಸಾಲಕ್ಕ. "ನೀನು ಉಚ್ಚೆ ಹೊಯ್ದ ಜಾಗಕ್ಕೆ ನಮ್ಮೋರೆಲ್ಲ ಮುತ್ಕೊಂಡವ್ರೆ. ಬೆಲ್ಲದ ಪಾನಕದ ಹಂಗೈತೆ. ನಮಗೇನೋ ಹಬ್ಬ. ಆದ್ರೆ ನಿನಗೆ ಇದು ಒಳ್ಳೇದಲ್ಲ ಅನ್ನಿಸ್ತು, ಹೇಳಿದೆ."

ಉಚ್ಚೆ ಎಂದ ಕೂಡಲೇ ನಗು ಬಂದವರು ಈಗಲೇ ನಕ್ಕುಬಿಡಿ. ಆ ಮಾತು ಮುಂದೆಯೂ ಬರುತ್ತದೆ.

ಜಾಂಬವ್ವ ಗಾಬರಿಯಾಗಿ ಮುಳ್ಳಜ್ಜಿಯ ಬಿಲಕ್ಕೆ ಹೋದಳು. ಮುಳ್ಳಜ್ಜಿ ಮುದಿ ಮುಳ್ಳುಹಂದಿ. ಗೆಡ್ಡೆ, ಬೇರು ಅಗೆದು ತಿಂದೇ ಬದುಕಿದವಳು. ಯಾವ ಗಿಡದ ಬುಡದಲ್ಲಿ ಏನಿದೆ ಎಂದು ಅವಳಿಗೆ ಬಾಯಿಪಾಠ. ಅವಳು ಎಲ್ಲವನ್ನೂ ಕೇಳಿದಳು. ತಲೆ ಕೆರೆದುಕೊಂಡಳು. ಮುಳ್ಳುಗಳು ಜಲಜಲ ಸದ್ದು ಮಾಡಿದವು.

"ಇದು ಸಿಹಿಮೂತ್ರ ಕಣವ್ವ. ಪೇಟೆಯೋರು ಸಕ್ಕರೆ ಕಾಯಿಲೆ ಅಂತಾರೆ. ಇದಕ್ಕೆ ಮಧುನಾಶಿನಿ ಅಂತ ಒಂದು ಹಂಬು ಐತೆ. ನೋಡು, ಅಲ್ಲೇ ನಿನ್ನ ಕಾಲ ಕೆಳಗೇ ಐತೆ."

ಜಾಂಬವ್ವ ಕಾಲೆತ್ತಿ ನೋಡಿದಳು. ಸಣ್ಣ ಎಲೆಯ ಒಂದು ಬಳ್ಳಿ. ಅವಳ ಪೊದೆಯ ತುಂಬ ಅದೇ ಹಬ್ಬಿತ್ತು. ದಿನಾ ತುಳಿದು ಓಡಾಡುವ ಬಳ್ಳಿ ಮದ್ದೆಂದರೆ ಯಾರು ನಂಬುತ್ತಾರೆ? ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ.

"ಇದನ್ನ ತಿಂದ್ರೆ ವಾಸಿ ಆಗ್ತದಾ ಅಜ್ಜಿ?"

"ನಮ್ಮಜ್ಜಿ ಕೊಡ್ತಿದ್ಲಂತೆ. ಎಷ್ಟೋ ಜನಕ್ಕೆ ವಾಸಿ ಆಯ್ತಂತೆ. ಬರೀ ಅಂತೆ ಕಂತೆ. ನಾನು ಕಣ್ಣಾರೆ ಕಂಡಿಲ್ಲ. ಮರಿ ಹೊತ್ತೋಳಿಗೆ ಅಂತೆ ಕಂತೆ ತಿನ್ನಿಸೋಕಾಗಲ್ಲ. ಸ್ವಲ್ಪ ತಡಿ, ಪರೀಕ್ಷೆ ಮಾಡಿ ಹೇಳ್ತೀನಿ. ಅಲ್ಲೀವರ್ಗೂ ಪಥ್ಯದಲ್ಲಿರು. ಜೇನು, ಹಲಸು, ಹಿಪ್ಪೆ ಮುಟ್ಟಬೇಡ. ದಿನಾ ಬೆಟ್ಟದ ಬುಡದ ತನಕ ನಡಿ."

ಪಥ್ಯ ಎಂದ ಕೂಡಲೇ ಜಾಂಬವ್ವನ ಮುಖ ಸಪ್ಪಗಾಯಿತು. ಹಲಸು ಹಣ್ಣಾಗುವ ಕಾಲದಲ್ಲೇ ಪಥ್ಯವೇ? ಅವಳು ಕಾಲೆಳೆದುಕೊಂಡು ಮನೆಗೆ ಹೋದಳು.

ಈ ಮಾತೆಲ್ಲ ಪೊದೆಯ ಮರೆಯಲ್ಲಿದ್ದ ಇನ್ನೊಬ್ಬನ ಕಿವಿಗೂ ಬಿತ್ತು. ಅವನು ಗುಳ್ಳಪ್ಪ ಎಂಬ ಗುಳ್ಳೆನರಿ. ಗುಳ್ಳಪ್ಪನಿಗೂ ಜೇನೆಂದರೆ ಪ್ರಾಣ. ಆದರೆ ಮರ ಹತ್ತಲು ಬಾರದು, ಜೇನುಹುಳ ಎಂದರೆ ಭಯ. ಮಧುನಾಶಿನಿಯ ಒಂದು ಗುಟ್ಟು ಮಾತ್ರ ಅವನಿಗೆ ಗೊತ್ತಿತ್ತು. ಒಮ್ಮೆ ಹಸಿವೆಯಲ್ಲಿ ಆ ಎಲೆ ಅಗಿದಿದ್ದ. ಆಮೇಲೆ ಹಣ್ಣು ತಿಂದರೆ ಸಿಹಿಯೇ ಹತ್ತಿರಲಿಲ್ಲ. ನೆಟ್ಟಗೆ ಒಂದು ಗಳಿಗೆ ಹಾಗೆಯೇ ಇತ್ತು, ಆಮೇಲೆ ನಾಲಿಗೆ ಸರಿಹೋಗಿತ್ತು.

ಮಾರನೆಯ ದಿನ ತಾರೆ ಮರದ ಕೆಳಗೆ ಗುಳ್ಳಪ್ಪ ಹಣೆಗೆ ಬೂದಿ ಬಳಿದುಕೊಂಡು ಕುಳಿತ. ಈಗ ಅವನು ಗುಳ್ಳಪ್ಪ ಪಂಡಿತ.

"ಸಿಹಿಮೂತ್ರಕ್ಕೆ ಮದ್ದು! ಪಥ್ಯ ಇಲ್ಲ, ನಡಿಗೆ ಇಲ್ಲ, ಕಾಯೋದಿಲ್ಲ!"

ಪಥ್ಯ ಇಲ್ಲ ಎಂಬ ಮಾತು ಗಾಳಿಗಿಂತ ಬೇಗ ಓಡುತ್ತದೆ. ಆ ಸಲ ಹಿಪ್ಪೆ ಹೂವು ಸುರಿದಿತ್ತು, ಎಲ್ಲರೂ ಹೊಟ್ಟೆ ಬಿರಿಯ ತಿಂದಿದ್ದರು. ಸುಸ್ತು, ದಾಹ ಎನ್ನುವವರು ಕಾಡಿನಲ್ಲಿ ಹಲವರಿದ್ದರು. ಕಾಡುಹಂದಿ ಬಂದ, ಮುಸುವ ಬಂತು. ಎಲ್ಲರಿಗಿಂತ ಮುಂದೆ ಜಾಂಬವ್ವ ನಿಂತಿದ್ದಳು.

"ನಂಗೆ ದಕ್ಷಿಣೆ ಬೇಡ ತಾಯಿ," ಎಂದ ಗುಳ್ಳಪ್ಪ. "ಪರೀಕ್ಷೆಗೆ ಅಂತ ದಿನಕ್ಕೊಂದು ಜೇನುತಟ್ಟಿ ತಂದ್ರೆ ಸಾಕು. ತಂದಿದ್ದೀಯಾ? ಹಾಂ, ಮೊದ್ಲು ಒಂದು ಸಲ ನೆಕ್ಕು. ಹೆಂಗೈತೆ?"

"ಸಿಹಿ."

"ಈಗ ಈ ಎಲೆ ಚೆನ್ನಾಗಿ ಅಗಿ. ಉಗಿ. ಈಗ ಅದೇ ಜೇನು ಇನ್ನೊಂದು ಸಲ ನೆಕ್ಕು."

ಜಾಂಬವ್ವ ನೆಕ್ಕಿದಳು. ಕಣ್ಣು ಕಣ್ಣು ಬಿಟ್ಟಳು. ಇನ್ನೊಮ್ಮೆ ನೆಕ್ಕಿದಳು.

"ಒದ್ದೆ ಮಣ್ಣು ನೆಕ್ಕಿದಂಗೈತೆ."

"ಸಿಹಿ ಎಲ್ಲಿ ಹೋಯ್ತು?"

"ಹೋಗೇಬಿಡ್ತು ಪಂಡಿತರೇ."

"ಅಷ್ಟೇ ಕಣಮ್ಮ. ನಾಲಿಗೆ ಮೇಲೇ ಸತ್ತ ಸಿಹಿ ಹೊಟ್ಟೇಲಿ ಬದುಕ್ತದಾ? ಮಧುನಾಶಿನಿ, ಅಂದ್ರೆ ಸಿಹಿ ನಾಶ ಮಾಡೋದು. ಹೆಸರೇ ಸಾಕ್ಷಿ. ಇನ್ನು ಏನು ಬೇಕಾದ್ರೂ ತಿನ್ನು ಹೋಗು."

ಎಲ್ಲರೂ ನೆಕ್ಕಿದರು, ಅಗಿದರು, ಮತ್ತೆ ನೆಕ್ಕಿದರು. ಎಲ್ಲರಿಗೂ ಜೇನು ಮಣ್ಣಾಯಿತು. ಕಣ್ಣಾರೆ ಕಂಡ ಮೇಲೆ, ಅಲ್ಲ, ನಾಲಿಗೆಯಾರೆ ಉಂಡ ಮೇಲೆ ಅನುಮಾನವೆಲ್ಲಿ? ತಟ್ಟಿಯಲ್ಲಿ ಎರಡು ನೆಕ್ಕು ಪರೀಕ್ಷೆಗೆ ಹೋಗುತ್ತಿತ್ತು. ಉಳಿದ ಜೇನು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಹತ್ತು ದಿನ ಹೀಗೆ ನಡೆಯಿತು. ಬೆಳಿಗ್ಗೆ ಎಲೆ ಅಗಿದು ರೋಗ ಹೋಯಿತೆಂದು ಜಾಂಬವ್ವ ಹಿಗ್ಗುತ್ತಿದ್ದಳು. ಬಿಸಿಲೇರುವ ಹೊತ್ತಿಗೆ ನಾಲಿಗೆ ಸರಿಹೋಗುತ್ತಿತ್ತು. ಆಗ ಹಲಸಿನ ಮರದ ಬುಡದಲ್ಲಿ ಕೂರುತ್ತಿದ್ದಳು.

ರೋಹಿಣಿ ಮಳೆಯ ನಾಲ್ಕು ಹನಿ ಬಿದ್ದವು. ಇನ್ನು ಆರಿದ್ರಾ ದೂರವಿಲ್ಲ ಎಂದು ಜಾಂಬವ್ವ ಮರಿಗಳನ್ನು ಬೆನ್ನಿಗೇರಿಸಿ ಗುಡ್ಡಕ್ಕೆ ಹೊರಟಳು. ಅರ್ಧ ಬಂಡೆ ಹತ್ತುವಷ್ಟರಲ್ಲಿ ಕಾಲು ನಡುಗಿತು. ಕಣ್ಣು ಕತ್ತಲಿಟ್ಟಿತು. ಅವಳು ಕುಸಿದಳು, ಮರಿಗಳು ಉರುಳಿದವು. ಪುಣ್ಯಕ್ಕೆ ಕೆಳಗೆ ಲಂಟಾನದ ಪೊದೆ ಇತ್ತು. ಮೂಗು ತರಚಿದ್ದು ಬಿಟ್ಟರೆ ಅವಕ್ಕೆ ಏನೂ ಆಗಲಿಲ್ಲ.

"ಅವ್ವ, ನಾವು ಭಾರ ಆದ್ವಾ?" ಎಂದಿತು ಚಿಕ್ಕ ಮರಿ.

ಜಾಂಬವ್ವ ಅಲ್ಲೇ ಕುಳಿತು ಅತ್ತಳು. ತಾಯಿಗೆ ಅದಕ್ಕಿಂತ ಕೆಟ್ಟ ಮಾತು ಇನ್ನಾವುದಿದೆ?

ಅತ್ತು ಮುಗಿಸಿ ಮರಿಗಳ ಕೈ ಹಿಡಿದು ನೇರವಾಗಿ ಮುಳ್ಳಜ್ಜಿಯ ಹತ್ತಿರ ಬಂದಳು. ಎಲ್ಲವನ್ನೂ ಒಪ್ಪಿಕೊಂಡಳು. ಅಜ್ಜಿ ಬೈಯಲಿಲ್ಲ. ಸಾಲಕ್ಕನನ್ನು ಕರೆಸಿದಳು.

"ಸಾಲಕ್ಕ, ಇವಳ ಉಚ್ಚೆಗೆ ಈಗ ಎಷ್ಟು ಇರುವೆ ಬರ್ತವೆ?"

"ಆವಾಗ ಆರು ಸಾಲು. ಈಗ ಒಂಬತ್ತು."

"ಕೇಳ್ಕೊಂಡ್ಯಾ ಮಗ?" ಎಂದಳು ಅಜ್ಜಿ. "ಆ ಎಲೆ ನಿನ್ನ ನಾಲಿಗೆ ಮರಗಟ್ಟಿಸ್ತು, ಅಷ್ಟೇ. ಜೇನು ಅಲ್ಲೇ ಇತ್ತು, ಸಿಹಿ ಅಲ್ಲೇ ಇತ್ತು, ನಿಂಗೆ ಗೊತ್ತಾಗ್ಲಿಲ್ಲ. ನಾಲಿಗೆ ಬರೀ ನಾಲಿಗೆ ಸಾಕ್ಷಿ ಹೇಳ್ತದೆ. ಮೈ ಸಾಕ್ಷಿ ಇರುವೇನೇ ಹೇಳ್ಬೇಕು."

"ಹಂಗಾದ್ರೆ ಆ ಎಲೇಲಿ ಏನೂ ಇಲ್ವಾ?"

"ಅದೂ ಗೊತ್ತಿಲ್ಲ. ಗುಳ್ಳಪ್ಪ ಸುಳ್ಳ ಅಂತ ಎಲೇನೂ ಸುಳ್ಳು ಅನ್ನೋಕಾಗಲ್ಲ. ನೋಡೋಣ ಬಾ."

ಅಜ್ಜಿ ಕಾಯಿಲೆಯವರನ್ನೆಲ್ಲ ಹಳ್ಳದ ಮರಳಿಗೆ ಕರೆದಳು. ಎಂಟು ಮಂದಿ ಬಂದರು. ಮಧುನಾಶಿನಿಯ ಎಲೆಯನ್ನು ನೆರಳಲ್ಲಿ ಒಣಗಿಸಿ ಕುಟ್ಟಿ ಪುಡಿ ಮಾಡಿದ್ದಳು. ಬರೀ ಹುಲ್ಲನ್ನೂ ಒಣಗಿಸಿ ಹಾಗೆಯೇ ಪುಡಿ ಮಾಡಿದ್ದಳು. ಎರಡೂ ಪುಡಿಯನ್ನು ಸಿಂಪಿಗ ಹಕ್ಕಿಗೆ ಕೊಟ್ಟಳು. ಎಲೆಗಳನ್ನು ಹೊಲಿದು ಗೂಡು ಕಟ್ಟುತ್ತದಲ್ಲ, ಆ ಹಕ್ಕಿ. ಅದು ಮುತ್ತುಗದ ಎಲೆಯ ತುಂಡುಗಳಲ್ಲಿ ಪುಡಿ ಇಟ್ಟು ಪುಟ್ಟ ಪುಟ್ಟ ಪೊಟ್ಟಣ ಹೊಲಿಯಿತು. ಒಂದು ಬಗೆಯ ಪೊಟ್ಟಣಕ್ಕೆ ಮೂರು ಹೊಲಿಗೆ, ಇನ್ನೊಂದಕ್ಕೆ ನಾಲ್ಕು. ಯಾವುದರಲ್ಲಿ ಯಾವ ಪುಡಿ ಎಂದು ಹಕ್ಕಿಗೆ ಮಾತ್ರ ಗೊತ್ತು.

"ನಂಗೂ ಹೇಳಬೇಡ," ಎಂದಳು ಅಜ್ಜಿ. "ನಮ್ಮಜ್ಜಿ ಮದ್ದು ಗೆಲ್ಲಲಿ ಅಂತ ನಂಗೂ ಆಸೆ ಐತೆ. ಆಸೆ ಇದ್ದೋರ ಕಣ್ಣು ಒಂದು ಕಡೆ ವಾಲ್ತದೆ."

ಕಾಡುಹಂದಿಗೆ ಸಿಟ್ಟು ಬಂತು. "ಇದೇನಜ್ಜಿ, ಕಾಯಿಲೆಯೋರಿಗೆ ಹುಲ್ಲು ತಿನ್ನಿಸ್ತೀಯಾ?"

"ನಾಲ್ಕು ಜನಕ್ಕೆ ಹುಲ್ಲು, ನಾಲ್ಕು ಜನಕ್ಕೆ ಮದ್ದು. ಹದಿನಾಲ್ಕು ದಿನ ಎಲ್ರಿಗೂ ಒಂದೇ ಪಥ್ಯ, ಒಂದೇ ನಡಿಗೆ. ಎಲ್ರೂ ಮದ್ದು ತಿಂದು ಎಲ್ರೂ ಚೇತರಿಸ್ಕೊಂಡ್ರೆ, ಮದ್ದಿಂದ ಆಯ್ತೋ ಪಥ್ಯದಿಂದ ಆಯ್ತೋ ಹೆಂಗೆ ಹೇಳ್ಲಿ? ಹುಲ್ಲು ನಿನಗೂ ಬರಬಹುದು, ಜಾಂಬವ್ವನಿಗೂ ಬರಬಹುದು. ಮನಸ್ಸಿಲ್ಲದೋರು ಎದ್ದು ಹೋಗಿ, ನಂಗೇನೂ ಬೇಜಾರಿಲ್ಲ."

ಎಲ್ಲರೂ ಜಾಂಬವ್ವನ ಮುಖ ನೋಡಿದರು. ಅವಳು ಮರಿಗಳ ತರಚಿದ ಮೂಗು ನೋಡಿದಳು.

"ಬಂದ್ರೆ ಬರ್ಲಿ," ಎಂದಳು. "ಹತ್ತು ದಿನ ಸುಳ್ಳು ತಿಂದಿದ್ದೀನಿ. ಹದಿನಾಲ್ಕು ದಿನ ಹುಲ್ಲು ತಿಂದ್ರೆ ಏನಾಗ್ತದೆ?"

ಕಾಡುಹಂದಿಯೂ ಗೊಣಗುತ್ತ ಕುಳಿತ. ಪೊಟ್ಟಣವನ್ನು ಅಗಿಯಬಾರದು, ಹಾಗೆಯೇ ನುಂಗಬೇಕು ಎಂದು ಅಜ್ಜಿ ಹೇಳಿದಳು. ಅಗಿದರೆ ನಾಲಿಗೆ ಗುಟ್ಟು ಬಿಟ್ಟುಕೊಡುತ್ತದಲ್ಲ! ಹೊಟ್ಟೆ ಹಸಿದು ತಲೆ ತಿರುಗಿದರೆ ಕೂಡಲೇ ಬಂದು ಹೇಳಬೇಕು ಎಂದೂ ಎಚ್ಚರಿಸಿದಳು. ಒಬ್ಬೊಬ್ಬರಿಗೂ ಒಂದೊಂದು ಮರಳಿನ ಗುಂಡಿ. ದಿನಾ ಬೆಳಿಗ್ಗೆ ಅಲ್ಲೇ ಉಚ್ಚೆ. ಎಷ್ಟು ಸಾಲು ಇರುವೆ ಬಂದವು ಎಂದು ಎಣಿಸುವುದು ಸಾಲಕ್ಕನ ಕೆಲಸ.

"ನಮ್ಮದೊಂದು ಮಾತೈತೆ," ಎಂದಳು ಸಾಲಕ್ಕ. "ಪರೀಕ್ಷೆ ಮುಗಿಯೋವರ್ಗೂ ಜಾಂಬವ್ವ ಇರುವೆ ತಿನ್ನಬಾರದು."

"ಪಥ್ಯದಲ್ಲಿ ಬೇರೇನು ತಿನ್ಲಿ?"

"ಗೆದ್ದಲು ತಿನ್ನು. ಅವು ನಮಗೂ ಹಗೆ. ಎಷ್ಟಾದ್ರೂ ತಿನ್ನು."

ಜಾಂಬವ್ವ ಹುತ್ತ ಕೆದಕಿ ಗೆದ್ದಲು ತಿಂದಳು. ಹಲಸಿನ ಮರ ಕಂಡರೆ ಮುಖ ತಿರುಗಿಸಿ, ಮೂಗು ಮುಚ್ಚಿಕೊಂಡು ಓಡುತ್ತಿದ್ದಳು. ಬೇರೆಯವರು ಬೆಟ್ಟದ ಬುಡಕ್ಕೆ ಒಂದು ಸಲ ನಡೆದರೆ ಅವಳು ಎರಡು ಸಲ ನಡೆದಳು. ಮೊದಲ ಮೂರು ದಿನ ಅಳುವೇ ಬಂತು. ನಾಲ್ಕನೆಯ ದಿನ ಬರೀ ಆಕಳಿಕೆ ಬಂತು. ಎಂಟನೆಯ ದಿನ ಮರಿಗಳ ಜೊತೆ ಕುಸ್ತಿ ಆಡಿದಳು.

ಇತ್ತ ಗುಳ್ಳಪ್ಪ ಪಂಡಿತನ ಮರದ ಕೆಳಗೆ ಜನ ಕಡಿಮೆಯಾಗಿರಲಿಲ್ಲ. ಪಥ್ಯ ಬೇಡದ ಮದ್ದಿಗೆ ಎಂದೂ ಬರವಿಲ್ಲ. ದಿನಾ ತಟ್ಟಿ ತಟ್ಟಿ ಜೇನು ಅವನ ಹೊಟ್ಟೆಗೆ ಇಳಿಯಿತು. ಅವನು ಮೊದಲು ದುಂಡಗಾದ. ಆಮೇಲೆ ಯಾಕೋ ಬಡಕಲಾದ. ಗಳಿಗೆಗೊಮ್ಮೆ ಹಳ್ಳಕ್ಕೆ ಹೋಗಿ ನೀರು ಕುಡಿಯುತ್ತಿದ್ದ.

"ಯಾಕೆ ಪಂಡಿತರೇ ಇಷ್ಟು ನೀರು?" ಎಂದು ಮೊಲ ಕೇಳಿತು.

"ಬಿಸಿಲು ಕಣಪ್ಪ," ಎಂದ ಗುಳ್ಳಪ್ಪ. ಆ ದಿನ ಮೋಡ ಮುಚ್ಚಿತ್ತು.

ಹದಿನೈದನೆಯ ದಿನ ಬೆಳಿಗ್ಗೆ ಇಡೀ ಕಾಡು ಮರಳಿನಲ್ಲಿ ಸೇರಿತು. ಎಂಟು ಗುಂಡಿಗಳ ಪಕ್ಕದಲ್ಲಿ ಅಜ್ಜಿ ಇನ್ನೂ ಎರಡು ಗುಂಡಿ ಮಾಡಿಸಿದ್ದಳು. ಅವು ಮೊಲಕ್ಕೆ ಮತ್ತು ಜಿಂಕೆಗೆ. ಕಾಯಿಲೆ ಇಲ್ಲದವರ ಗುಂಡಿ ಹೇಗಿರುತ್ತದೆ ಎಂದು ಹೋಲಿಸಿ ನೋಡಬೇಕಿತ್ತು.

ನಗೆಯಾಡಲೆಂದು ಗುಳ್ಳಪ್ಪನೂ ಬಂದಿದ್ದ. "ಮೊಲ, ಜಿಂಕೆ ಯಾವ ಲೆಕ್ಕ?" ಎಂದ. "ಆರೋಗ್ಯ ಅಂದ್ರೆ ಏನು ಅಂತ ನನ್ನ ನೋಡಿ ಕಲೀರಿ. ನಂಗೂ ಒಂದು ಗುಂಡಿ ಮಾಡ್ಸಿ."

"ಧಾರಾಳವಾಗಿ," ಎಂದಳು ಅಜ್ಜಿ.

ಗುಂಡಿಗೆ ಹೋಗುವ ಮೊದಲು ಗುಳ್ಳಪ್ಪ ಮರೆಯಲ್ಲಿ ಒಂದು ಹಿಡಿ ಮಧುನಾಶಿನಿ ಎಲೆ ಅಗಿದ. ಇಪ್ಪತ್ತೈದು ದಿನ ಊರಿಗೆಲ್ಲ ಹೇಳಿದ ಸುಳ್ಳನ್ನು ಅಷ್ಟು ಹೊತ್ತಿಗೆ ತಾನೇ ನಂಬಿಬಿಟ್ಟಿದ್ದ. ನಾಲಿಗೆ ಸಪ್ಪಗಾಯಿತು. ಇನ್ನು ಭಯವಿಲ್ಲ ಎಂದು ಎದೆಯುಬ್ಬಿಸಿ ಬಂದ.

ಸಾಲಕ್ಕ ಒಂದೊಂದೇ ಗುಂಡಿ ನೋಡುತ್ತ ಕೂಗಿ ಹೇಳಿದಳು. ಮೊಲ, ಜಿಂಕೆಯ ಗುಂಡಿಗೆ ಒಂದು ಇರುವೆಯೂ ಬರಲಿಲ್ಲ. ನಾಲ್ಕು ಹೊಲಿಗೆಯ ಪೊಟ್ಟಣ ನುಂಗಿದವರಲ್ಲಿ ಮೂವರಿಗೆ ಒಂದೊಂದೇ ಸಾಲು. ಕಾಡುಹಂದಿಗೆ ಮಾತ್ರ ಐದು ಸಾಲು ಉಳಿದಿತ್ತು. ಮೂರು ಹೊಲಿಗೆಯವರಲ್ಲಿ ಮೂವರಿಗೆ ಐದು, ಆರು. ಅವರಲ್ಲೆಲ್ಲ ಕಡಿಮೆ ಜಾಂಬವ್ವನಿಗೆ. ಒಂಬತ್ತು ಇದ್ದದ್ದು ಮೂರಾಗಿತ್ತು.

"ಈಗ ಹೇಳಪ್ಪ," ಎಂದಳು ಅಜ್ಜಿ ಸಿಂಪಿಗ ಹಕ್ಕಿಗೆ.

"ನಾಲ್ಕು ಹೊಲಿಗೇಲಿ ಮಧುನಾಶಿನಿ. ಮೂರು ಹೊಲಿಗೇಲಿ ಹುಲ್ಲು."

ಅಜ್ಜಿಯ ಮುಳ್ಳುಗಳೆಲ್ಲ ಒಟ್ಟಿಗೆ ಜಲಜಲ ಎಂದವು. "ಹಂಗಾದ್ರೆ ನಮ್ಮಜ್ಜಿ ಬಳ್ಳೀಲಿ ಏನೋ ಗುಣ ಇರೋ ಹಂಗೈತೆ. ಆದ್ರೆ ಎಲ್ರಿಗೂ ಒಂದೇ ಸಮ ಅಲ್ಲ. ಹಂದಿಯಣ್ಣನಿಗೆ ಹಿಡಿಲಿಲ್ಲ. ಎಂಟೇ ಜನ ನೋಡಿದ್ದು, ಇನ್ನೂ ನೋಡ್ಬೇಕು."

ಜಾಂಬವ್ವ ಬಾಯಿ ತೆರೆದು ನಿಂತಿದ್ದಳು. "ನಂಗೆ ಬಂದಿದ್ದು ಬರೀ ಹುಲ್ಲಾ? ಹುಲ್ಲು ತಿಂದು ಇಷ್ಟು ಚೇತರಿಸ್ಕೊಂಡ್ನಾ?"

"ಹುಲ್ಲಲ್ಲ ಕಣವ್ವ," ಎಂದಳು ಅಜ್ಜಿ. "ನೀನು ಬಿಟ್ಟ ಹಲಸು. ನೀನು ನಡೆದ ದಾರಿ. ಇನ್ನು ಮೇಲೆ ಅದರ ಜೊತೆಗೆ ಮದ್ದೂ ಕೊಡ್ತೀನಿ."

ಎಲ್ಲರೂ ನಕ್ಕರು. ಜಾಂಬವ್ವನೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಷ್ಟರಲ್ಲಿ ಸಾಲಕ್ಕ ಕೊನೆಯ ಗುಂಡಿಯ ಬಳಿಯಿಂದ ಕೂಗಿದಳು.

"ಅಜ್ಜಿ, ಇಲ್ಲಿ ಎಣಿಸೋಕೆ ಆಗ್ತಿಲ್ಲ! ಸಾಲೇ ಇಲ್ಲ, ಜಾತ್ರೆ ಆಗೈತೆ! ನಮ್ಮೋರು ಮನೆಮಂದೀನೆಲ್ಲ ಕರ್ಕೊಂಡು ಬರ್ತಾವ್ರೆ!"

ಅದು ಗುಳ್ಳಪ್ಪ ಪಂಡಿತನ ಗುಂಡಿ. ಮರಳು ಕಾಣದಷ್ಟು ಇರುವೆ ಮುತ್ತಿತ್ತು. ಕೆಲವು ಇರುವೆಗಳು ಪಂಡಿತನ ಬಾಲವನ್ನೂ ಹತ್ತುತ್ತಿದ್ದವು.

"ಸಾಧ್ಯನೇ ಇಲ್ಲ," ಎಂದ ಗುಳ್ಳಪ್ಪ. "ಈಗ ತಾನೇ ಒಂದು ಹಿಡಿ ಎಲೆ ಅಗಿದು ಬಂದಿದ್ದೀನಿ. ನಾಲಿಗೆ ನೋಡಿ ಬೇಕಾದ್ರೆ!"

"ನಾಲಿಗೆ ಒಳಗಿಟ್ಕೊಳ್ಳಿ ಪಂಡಿತರೇ," ಎಂದ ಕಾಡುಹಂದಿ. "ಇರುವೆ ನಿಮ್ಮ ನಾಲಿಗೆ ಕೇಳಿಲ್ಲ. ನಾವು ಪರೀಕ್ಷೆಗೆ ಅಂತ ತಂದ ಜೇನೆಲ್ಲ ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತು."

ಗುಳ್ಳಪ್ಪನ ಹಣೆಯ ಬೂದಿ ಬೆವರಿಗೆ ಕರಗಿ ಮೂಗಿಗಿಳಿಯಿತು. ಕಾಡಿಗೆ ಕಾಡೇ ನಗುತ್ತಿತ್ತು. ಅವನಿಗೆ ಮಾತ್ರ ನಗು ಬರಲಿಲ್ಲ, ಬಾಯಾರಿಕೆ ಬಂತು. ಎಲ್ಲರೂ ಚದುರಿದ ಮೇಲೆ ಅವನು ಮೆಲ್ಲಗೆ ಅಜ್ಜಿಯ ಹತ್ತಿರ ಬಂದ.

"ಅಜ್ಜಿ, ತಪ್ಪಾಯ್ತು. ನಂಗೂ ಒಂದು ಪೊಟ್ಟಣ ಕೊಡ್ತೀಯಾ?"

"ಕೊಡ್ತೀನಿ. ಆದ್ರೆ ನಂದು ಪಥ್ಯದ ಮದ್ದು ಕಣಪ್ಪ. ಜೇನು ಬಿಡ್ಬೇಕು, ನಡೀಬೇಕು. ನಾಳೆಯಿಂದ ಜಾಂಬವ್ವನ ಹಿಂದೆ ಹೋಗು. ನಿಂಗೆ ಯಾವ ಪೊಟ್ಟಣ ಬರ್ತದೋ ಅದು ಸಿಂಪಿಗ ಹಕ್ಕಿಗೇ ಗೊತ್ತು."

ಮೃಗಶಿರಾ ಮಳೆ ಮುಗಿಯುವ ದಿನ ಆಕಾಶ ಕಪ್ಪಗಾಯಿತು. ಜಾಂಬವ್ವ ಎರಡೂ ಮರಿಗಳನ್ನು ಬೆನ್ನಿಗೇರಿಸಿಕೊಂಡಳು. ಅರ್ಧ ಬಂಡೆಯಲ್ಲಿ, ಅಂದು ಬಿದ್ದ ಜಾಗದಲ್ಲೇ, ಒಂದು ಸಲ ನಿಂತಳು. ಉಸಿರು ತೆಗೆದುಕೊಂಡಳು. ಕಾಲು ನಡುಗಲಿಲ್ಲ. ಮತ್ತೆ ಹತ್ತಿದಳು.

"ಅವ್ವ, ನಾವು ಭಾರನಾ?" ಎಂದು ಚಿಕ್ಕ ಮರಿ ಮೆಲ್ಲಗೆ ಕೇಳಿತು.

"ನೀವಾ? ಹೂವಿನ ಹಂಗಿದ್ದೀರಿ. ಗಟ್ಟಿಯಾಗಿ ಹಿಡ್ಕೊಳ್ಳಿ."

ಗವಿಯ ಬಾಗಿಲಿಗೆ ಬರುವುದಕ್ಕೂ ಆರಿದ್ರಾದ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ದೊಡ್ಡ ಮರಿ ಹಿಂದಿರುಗಿ ಕೆಳಗೆ ನೋಡಿ ಕಿಲಕಿಲ ನಕ್ಕಿತು. ಬಂಡೆಯ ಮೇಲೆ ಏದುಸಿರು ಬಿಡುತ್ತ ಗುಳ್ಳಪ್ಪ ಹತ್ತುತ್ತಿದ್ದ. ಅವನ ಬಾಲದ ಹಿಂದೆ ಸಾಲಕ್ಕ, ಅವಳ ಹಿಂದೆ ಉದ್ದಕ್ಕೂ ಇರುವೆಗಳ ಸಾಲು.

"ಅವ್ವ, ನೋಡು! ಪಂಡಿತರ ಮೆರವಣಿಗೆ!"

"ಎಷ್ಟು ಸಾಲು ಐತೆ?" ಎಂದಳು ಜಾಂಬವ್ವ.

ಮರಿ ಬೆರಳು ಮಡಚಿ ಎಣಿಸಿತು. "ಎಂಟು."

"ಹಂಗಾದ್ರೆ ಇನ್ನೂ ವಾಸಿ ಆಗಿಲ್ಲ. ಗವೀಲಿ ಸ್ವಲ್ಪ ಜಾಗ ಬಿಡಿ. ಪಂಡಿತರು ನಾಳೆಯೂ ನಡೀಬೇಕು," ಎಂದಳು ಜಾಂಬವ್ವ.

ನೀತಿ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು. ನಾಲಿಗೆಯನ್ನು ವಂಚಿಸಬಹುದು, ಮೈಯನ್ನು ವಂಚಿಸಲಾಗದು. ಊರಿಗೆ ಹೇಳಿದ ಸುಳ್ಳು ಕೊನೆಗೆ ಹೇಳಿದವನನ್ನೇ ಮುತ್ತುತ್ತದೆ.